ಬೆಕ್ಕಿನ ಮರಿಯ ಬಾಣಂತನ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸದ್ದಿಲ್ಲದೆ ಮುಗಿದದ್ದಿಲ್ಲ. ಮುಗಿಯುವಷ್ಟರಲ್ಲಿ ಅಕ್ಕಪಕ್ಕದವರು ಒಂದು ಸಲ ನಕ್ಕಾಗಿರುತ್ತದೆ. ನಾನು ಹಿಂದೆ ಏನನ್ನೂ ಬರೆದವಳಲ್ಲ, ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ನಾವು ಬೀದರ್ ಕಡೆಯವರು. ಯಜಮಾನರಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಹೀಗಾಗಿ ಮನೆ ಮಹಾರಾಷ್ಟ್ರದ ಓಝರ್‌ನಲ್ಲಿ. ಅತ್ತೆ, ನಾವಿಬ್ಬರು, ಹತ್ತು ವರ್ಷದ ಮಗಳು, ಮತ್ತು ಮಗಳು ಎತ್ತಿಕೊಂಡು ಬಂದ ಒಂದು ಹೆಣ್ಣು ಬೆಕ್ಕಿನ ಮರಿ. ಅದಕ್ಕೆ ಆರು ತಿಂಗಳಾದಾಗ, ಮುಂದೆ ಮರಿಗಳಾಗದಿರಲಿ ಎಂದು ನಾಸಿಕ್‌ನಲ್ಲಿ ಆಪರೇಶನ್ ಮಾಡಿಸಿದೆವು. ಹತ್ತು ದಿನ ಮರಿ ಹೊಲಿಗೆ ಬಿಚ್ಚಬಾರದು, ನೆಕ್ಕಬಾರದು, ಜಿಗಿಯಬಾರದು, ಊಟ ಮಾತ್ರ ಬಿಡಬಾರದು. ಇಷ್ಟು ನೋಡಿಕೊಳ್ಳುವುದೇ ನಮ್ಮ ಕೆಲಸ.

ತೂಕ

ಆಪರೇಶನ್ನಿಗೆ ಮುಂಚೆ ಪ್ರಜ್ಞೆ ತಪ್ಪಿಸುವ ಔಷಧವನ್ನು ತೂಕ ನೋಡಿ ಕೊಡುತ್ತಾರೆ. ಮರಿ ತಕ್ಕಡಿಯ ಮೇಲೆ ಕೂಡಲೊಲ್ಲದು. ಡಾಕ್ಟರು, "ತಾಯಿ, ನೀವೇ ಅದನ್ನು ಎತ್ತಿಕೊಂಡು ದೊಡ್ಡ ನಾಯಿಗಳ ಕಾಟಾದ ಮೇಲೆ ನಿಲ್ಲಿರಿ. ಆಮೇಲೆ ನಿಮ್ಮೊಬ್ಬರ ತೂಕ ಕಳೆಯೋಣ" ಎಂದರು. ಕಾಟಾ ಅಂದರೆ ತೂಕದ ಯಂತ್ರ. ನಿಂತೆ. ಅವರು ಎರಡೂ ಅಂಕಿಗಳನ್ನು ಗಟ್ಟಿಯಾಗಿ ಓದಿ ಕಾರ್ಡಿನಲ್ಲಿ ಬರೆದುಕೊಂಡರು.

ಪಕ್ಕದಲ್ಲಿ ಆನೆಯಂಥ ನಾಯಿ ಹಿಡಿದು ಕುಳಿತಿದ್ದವರು ಅದರ ತಲೆ ಸವರಿ, "ನೋಡು, ನಿನ್ನನ್ನು ಸುಮ್ಮನೆ ದಪ್ಪ ಅಂತಿದ್ದೆ" ಎಂದರು.

ಆಳಿಕಿ

ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ಲಾಳಿಕೆಯಾಕಾರದ ಪ್ಲಾಸ್ಟಿಕ್ಕಿನ ಅಗಲ ಪಟ್ಟಿ ಹಾಕಿ ಕಳಿಸಿದರು. ಮರಿ ಅದರಿಂದ ತಪ್ಪಿಸಿಕೊಳ್ಳಲು ಹಿಂದಕ್ಕೆ ನಡೆಯುತ್ತಾ ಹೋಗಿ ಫ್ರಿಜ್ಜಿನ ಹಿಂದೆ ಸಿಕ್ಕಿಕೊಂಡಿತು.

"ಎಣ್ಣಿ ಸುರಿಯೊ ಆಳಿಕಿ ಕಟ್ಟಿ ಕಳಸ್ಯಾರಲ್ಲ!" ಎಂದು ಅತ್ತೆ ಹೊಲಿಗೆ ಯಂತ್ರ ಎಳೆದರು. ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಗಾಯ ಪೂರ್ತಿ ಮುಚ್ಚುವ ಮೆತ್ತಗಿನ ಅಂಗಿಯಾದರೆ ನಡೆಯುತ್ತದೆ, ಆದರೆ ದಿನಾ ಬಿಚ್ಚಿ ನೋಡಬೇಕು ಎಂದರು. ಅತ್ತೆ ಒಳಗೆ ಹಳೆಯ ಧೋತರದ ಬಟ್ಟೆ ಕೊಟ್ಟು, ಬೆನ್ನಿಗೆ ಯೇವಲಾ ಊರಿನಿಂದ ತಂದ ನನ್ನ ಪೈಠಣಿ ರೇಷ್ಮೆ ಸೀರೆಯ ಕುಪ್ಪಸದ ತುಂಡು ಹಚ್ಚಿ ಅಂಗಿ ಹೊಲಿದರು.

ಆ ಕುಪ್ಪಸ ಹೊಲಿಯಲು ನಾನು ಅವರಿಗೆ ಕೊಟ್ಟು ಐದು ವರ್ಷವಾಗಿತ್ತು. ಬೆಕ್ಕಿನದು ಒಂದೇ ಮಧ್ಯಾಹ್ನಕ್ಕೆ ಮುಗಿಯಿತು.

ಡಬ್ಬಿ

ಮರುದಿನ ಮರಿ ಗೂನು ಬೆನ್ನು ಮಾಡಿ, ಅರೆಗಣ್ಣು ಮುಚ್ಚಿ ಕುಳಿತುಬಿಟ್ಟಿತು. "ಅಮ್ಮಾ, ಅದಕ್ಕ ಖೂಪ್ ನೋವು ಆಗ್ಲಕತ್ತದ" ಎಂದು ಮಗಳು ಅಳುತ್ತಿದ್ದಳು. ನೋವಿನ ಔಷಧವನ್ನು ಊಟವಾದ ಮೇಲೇ ಹಾಕಬೇಕು, ಮರಿ ತಿನ್ನಲೊಲ್ಲದು. ಅತ್ತೆ ಪ್ರೀತಿಯಿಂದ ತಮ್ಮ ಮೊಣಕಾಲು ನೋವಿನ ಗುಳಿಗೆ ತಂದರು. ಮನುಷ್ಯರ ಗುಳಿಗೆ ಬೆಕ್ಕಿನ ಜೀವಕ್ಕೇ ಕುತ್ತು ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಕೈ ಹಿಡಿದು ತಡೆದೆ.

"ಉಪ್ಪು ಹಾಕದೆ ಬೇಯಿಸಿದ ಚಿಕನ್ ಕೊಟ್ಟು ನೋಡಿ" ಎಂದರು ಡಾಕ್ಟರು ಫೋನಿನಲ್ಲಿ. ಅತ್ತೆ ಲಿಂಗ ಕಟ್ಟಿಕೊಂಡವರು. ಮನೆಯೊಳಗೆ ಮೊಟ್ಟೆಯೂ ಬಂದಿಲ್ಲ. ಅಂಗಡಿಯ ಬೆಕ್ಕಿನ ಆಹಾರ ಕಾಳಿನಂತೆ ಕಾಣುತ್ತಿದ್ದುದರಿಂದ ಅದರಲ್ಲಿ ಮಾಂಸವಿದೆ ಎಂದು ನಾವು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಈಗ ಚಿಕನ್ ಎಂದು ಕೇಳಿ ಮರಿಯತ್ತ ನೋಡಿದರು. ಆಮೇಲೆ, "ಬಾಲ್ಕನಿಯಾಗ ತಿನ್ನಲಿ" ಎಂದರು.

ಎದುರು ಮನೆಯ ಖುಲ್ತಾಬಾದ್ ಕಡೆಯ ಮುಸ್ಲಿಂ ಅಕ್ಕ, ನಾವೆಲ್ಲ ಆಪಾ ಎನ್ನುವವರು, ಚಿಕನ್ ಬೇಯಿಸಿ ಡಬ್ಬಿಯಲ್ಲಿ ತಂದರು. ಮರಿ ತಿಂದಿತು. ಔಷಧದ ಹನಿ ಹಾಕಿದೆ. ಸ್ವಲ್ಪ ಹೊತ್ತಿಗೆ ಕಾಲು ಚಾಚಿ ಮಲಗಿ ಗುರ್ ಗುರ್ ಅಂದಿತು. ಆಪಾ ಅವರ ಉಪಕಾರ ನಾನು ಮರೆಯುವುದಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಖಾಲಿ ಡಬ್ಬಿ ಹಿಡಿದು ಆಪಾ ಬಾಗಿಲಲ್ಲಿ: "ಬೇಟಿ, ಆಜ್ ಕಾ ಚಿಕನ್ ನಹೀ ಹುವಾ ಕ್ಯಾ? ನಮಕ್ ಮತ್ ಡಾಲ್ನಾ." ಇವತ್ತಿನ ಚಿಕನ್ ಇನ್ನೂ ಆಗಿಲ್ಲವೇ, ಉಪ್ಪು ಹಾಕಬೇಡ ಅಂತ.

ಮೆಟ್ಟಿಲು ಇಳಿಯುತ್ತಿದ್ದ ಮೂರನೇ ಮಹಡಿಯ ಅಜ್ಜಿ ಅಲ್ಲೇ ನಿಂತರು. ಅತ್ತೆ ಗಾಬರಿಯಿಂದ ತಿರುಗಿ, "ನನಗಲ್ರಿ!" ಎಂದರು. ಆ ಅಜ್ಜಿಗೆ ಕನ್ನಡ ಬರುವುದಿಲ್ಲ.

ಬಾಣಂತನ

ಅಂದಿನಿಂದ ಮರಿ ಅತ್ತೆಯದಾಯಿತು. ಕಿವಿಗೆ ಗಾಳಿ ಹೋಗಬಾರದೆಂದು ಬಟ್ಟೆ ಕಟ್ಟಹೋದರು, ಲೋಬಾನದ ಹೊಗೆ ಹಾಕಹೋದರು. ಎರಡನ್ನೂ ತಡೆದೆ. ಮೂರನೇ ದಿನ ಅಡುಗೆಮನೆಯಿಂದ ತುಪ್ಪದ ವಾಸನೆ. ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಅಂಟಿನುಂಡೆ ಕಟ್ಟುತ್ತಿದ್ದಾರೆ! ಅದನ್ನು ಬಾಣಂತಿಯರಿಗೆ ಸೊಂಟ ಗಟ್ಟಿಯಾಗಲೆಂದು ಕೊಡುತ್ತಾರೆ.

"ಅತ್ತೆ, ಅದು ಹಡೆದಿಲ್ಲ. ಇನ್ನು ಹಡೆಯೋದೂ ಇಲ್ಲ."

"ಹೊಟ್ಟಿ ಕೊಯ್ದಾರ, ಹೊಲಿಗಿ ಹಾಕ್ಯಾರ. ಬಾಣಂತನ ಅಲ್ಲದ ಮತ್ತೇನು?" ಎಂದರು. ಆಮೇಲೆ ಮೆಲ್ಲಗೆ, "ನನಗ ಹೆಣ್ಣಮಕ್ಕಳಿಲ್ಲ. ನಿಂದು ತವರಾಗ ಆತು. ನನ್ನ ಕೈಯಾಗ ಒಂದೂ ಬಾಣಂತನ ಆಗಲಿಲ್ಲ, ಯವ್ವಾ."

ನಮ್ಮಲ್ಲಿ ಹೆರಿಗೆಗೆ ಸೊಸೆ ತವರಿಗೆ ಹೋಗುತ್ತಾಳೆ. ಹತ್ತು ವರ್ಷ ಅತ್ತೆಯ ಈ ಕೊರಗು ನನಗೆ ಹೊಳೆದಿರಲೇ ಇಲ್ಲ. ಉಂಡೆ ಬೆಕ್ಕಿಗೆ ಕೊಡುವಂತಿಲ್ಲ, ಅತ್ತೆಯ ಮನಸ್ಸು ನೋಯಿಸುವಂತಿಲ್ಲ. ನಾನೇ ತಿಂದೆ. ಬೆಳಿಗ್ಗೆ ಎರಡು, ಸಂಜೆ ಎರಡು, ಜೊತೆಗೆ ಶುಂಠಿ ಹಾಕಿದ ಬಿಸಿ ಹಾಲು. ನನಗೆ ಇಷ್ಟು ಆರೈಕೆ ಸಿಕ್ಕಿದ್ದು ಮಗಳು ಹುಟ್ಟಿದಾಗ, ಅದೇ ಕೊನೆ.

ಹತ್ತನೇ ದಿನ ಅತ್ತೆಯನ್ನೂ ಕರೆದುಕೊಂಡು ಹೋದೆವು. ಡಾಕ್ಟರು ಪೈಠಣಿ ಬಿಚ್ಚಿ ನೋಡಿ, "ಗಾಯ ಚೆನ್ನಾಗಿ ಕೂಡಿದೆ" ಎಂದರು. ಮಗಳು ಕುಣಿದಳು. ಹೊಲಿಗೆ ತೆಗೆದ ಮೇಲೆ ಮತ್ತೆ ಅದೇ ಕಾಟಾ: ಮೊದಲು ಇಬ್ಬರೂ, ಆಮೇಲೆ ನಾನೊಬ್ಬಳೇ. ಡಾಕ್ಟರು ಹಳೆಯ ಅಂಕಿ ನೋಡಿದರು, ಹೊಸದು ನೋಡಿದರು, ಕನ್ನಡಕ ಒರೆಸಿಕೊಂಡರು.

"ಮರಿ ನೂರು ಗ್ರಾಂ ಏರಿದೆ. ತಾಯಿ, ನೀವು ಎರಡೂವರೆ ಕಿಲೊ."

ನನಗೆ ನೆಲ ಬಿರಿಯಬಾರದೇ ಅನಿಸಿತು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಬಾಣಂತನ ನಾನ ಮಾಡೀನ್ರಿ. ಯಾರರೆ ಒಬ್ಬರ ಮೈಗೆ ಹತ್ತಿತಲ್ಲ!"