ಡಾಕ್ಟರು ‘ಹಿ’ಯೋ ‘ದೇ’ಯೋ?

“ಒಂದು ಹಲ್ಲು ಕೀಳೋಕೆ ಎಷ್ಟು ಜನ ಬೇಕು, ಅಕ್ಕಾ?”

“ನೀವೊಬ್ಬರೇ ಸಾಕು, ಡಾಕ್ಟ್ರೇ.”

“ಮತ್ತೆ ಫೋನಲ್ಲಿ ‘ಡಾಕ್ಟರ್ ಬಿಜಿ, ದೇ ಆರ್ ಪುಲ್ಲಿಂಗ್ ಟೂತ್’ ಅಂದ್ರಲ್ಲ? ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೀತಿದ್ದಾರೆ ಅಂದ್ಕೊಂಡು ಆ ಮೇಡಮ್ಮು ಫೋನಿಟ್ಟೇಬಿಟ್ರು.”

ಹಲ್ಲಿನ ಆಸ್ಪತ್ರೆಯಲ್ಲಿ ಫೋನು ಹಿಡಿಯುವ ಕೆಲಸಕ್ಕೆ ಅಕ್ಕ ಸೇರಿ ವಾರವಾಗಿತ್ತು. ವಾರ ನೋಡಿ ಖಾಯಂ ಮಾಡುವ ಮಾತು. ಆ ವಾರದ ಕೊನೆ ಇಂದೇ.

“ದೇ ಅಂದ್ರೆ ‘ಅವರು’ ತಾನೇ? ನಿಮ್ಮನ್ನ ಇನ್ನೇನನ್ಲಿ?”

“‘ಹಿ’ ಅನ್ನಿ.”

“ಅದು ‘ಅವನು’. ಅನ್ನ ಕೊಡೋರನ್ನ ಅವನು ಇವನು ಅಂದ್ರೆ ನಾಲಿಗೆ ಬಿದ್ದುಹೋಗುತ್ತೆ.”

“ಬಿದ್ರೆ ಬೇರೆ ಡಾಕ್ಟರ ಹತ್ರ ಹೋಗಿ. ನಂದು ಹಲ್ಲಿನವರೆಗೆ ಮಾತ್ರ.”

ಹುಳುಕು ಹಲ್ಲು ಕೆರೆಯುವ ನಾಜೂಕಿನಿಂದ ಡಾಕ್ಟರು ಪಾಠಕ್ಕಿಳಿದರು. ಇಂಗ್ಲಿಷಿನಲ್ಲಿ ರಾಜನೂ ‘ಹಿ’, ಕಳ್ಳನೂ ‘ಹಿ’, ರಾಣಿಯಾದರೆ ‘ಶಿ’. ರಾಣಿಯನ್ನು ಕಂಡು ‘ಶೀ’ ಅನ್ನುವುದೆಲ್ಲಿಯ ಮರ್ಯಾದೆ ಎಂದು ಅಕ್ಕ ಮುಖ ಕಿವುಚಿದರು. ತನಗೆ ತಾನು ಹೇಳಿಕೊಳ್ಳುವುದು ‘ಐ’, ಅದನ್ನು ಮಾತ್ರ ಸದಾ ದೊಡ್ಡಕ್ಷರದಲ್ಲೇ ಬರೆಯಬೇಕು ಎಂದರು ಡಾಕ್ಟರು.

“ನೋಡಿದ್ರಾ, ಇದ್ದ ಮರ್ಯಾದೆಯೆಲ್ಲ ತನಗೇ ಬಡಿಸ್ಕೊಂಡಿದೆ.”

ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾದೀತು ಎಂದು ಡಾಕ್ಟರು ಮೆಲ್ಲಗೆ ಸೂಚಿಸಿದರು. ಅಕ್ಕ ಕೂಡಲೇ ಗೋಡೆಗೆ ಮುಖ ಮಾಡಿ “ಹಿ, ಹಿ, ಹಿ” ಎಂದು ಅಭ್ಯಾಸಕ್ಕೆ ತೊಡಗಿದರು. ನಗುತ್ತಿದ್ದಾರೆಂದು ಡಾಕ್ಟರಿಗೆ ಮತ್ತಷ್ಟು ಸಿಟ್ಟು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗಾಬರಿಬಿದ್ದು ಫೋನಿಟ್ಟಿದ್ದ ಅದೇ ಮೇಡಮ್ಮು. ಆಮೇಲೆ ಕೂತು ಯೋಚಿಸಿದರಂತೆ: ಒಬ್ಬನ ಕೈಗೆ ಬಾಯಿ ಕೊಡುವುದಕ್ಕಿಂತ ಇಷ್ಟೊಂದು ಡಾಕ್ಟರು ಕೂಡಿ ನೋಡುವುದೇ ವಾಸಿಯಲ್ಲವೇ? ಅತ್ತೆ, ಮಾವ, ನಾದಿನಿ ಸಮೇತ ಈಗಲೇ ಹೊರಡುತ್ತಾರಂತೆ.

ಅಕ್ಕ ಫೋನಿನ ಬಾಯಿಗೆ ಅಂಗೈ ಒತ್ತಿ ತಿರುಗಿದರು.

“‘ದೇ’ ಎಲ್ಲಾರೂ ಇದ್ದಾರಾ ಅಂತ ಕೇಳ್ತಿದ್ದಾರೆ, ನಾಲ್ಕು ಜನ ಬರ್ತಾರಂತೆ. ‘ಹಿ’ ಒಬ್ಬನೇ ಇರೋದು ಅಂತ ಹೇಳಿಬಿಡ್ಲಾ?”

ಡಾಕ್ಟರು ಖಾಲಿ ಹೊಡೆಯುತ್ತಿದ್ದ ಕುರ್ಚಿಗಳತ್ತ ನೋಡಿದರು.

“ಬೇಡ. ಸುಳ್ಳೂ ಬೇಡ. ‘ವಿ ಆರ್ ಹಿಯರ್’ ಅನ್ನಿ.”

“‘ವಿ’ ಅನ್ನೋಕೆ ಇಬ್ಬರಾದ್ರೂ ಬೇಕಲ್ಲ, ಡಾಕ್ಟ್ರೇ.” ಅಕ್ಕ ಅಂಗೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದರು. “ಮೊದಲು ನನ್ನನ್ನ ಖಾಯಂ ಮಾಡಿ. ವ್ಯಾಕರಣ ತಾನಾಗೇ ಸರಿಹೋಗುತ್ತೆ.”