ಅತ್ತೆಗೆ ಹಿಡಿದ ಹತ್ತನೆಯ ಗ್ರಹ

ಗ್ರಹಗಳು ಒಂಬತ್ತು ಎಂದು ನೀವೆಲ್ಲ ನಂಬಿಕೊಂಡಿದ್ದೀರಿ. ಹಾಯಾಗಿ ನಂಬಿ, ನನ್ನ ತಕರಾರಿಲ್ಲ. ಆದರೆ ಕುಮಟೆಯಲ್ಲಿದ್ದ ನನ್ನ ಅತ್ತೆಗೆ ಮಾತ್ರ ಹತ್ತು ಗ್ರಹಗಳಿದ್ದವು! ಹತ್ತನೆಯದರ ಹೆಸರು ಪೂರ್ವಗ್ರಹ.

ಅತ್ತೆ ಎಂದರೆ ಅಪ್ಪನ ಅಕ್ಕ. ನನಗೆ ಮೂರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಗಂಡನನ್ನು ಕಳೆದುಕೊಂಡು ಮಕ್ಕಳಿಲ್ಲದೆ ಇದ್ದ ಅತ್ತೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುಮಟೆಗೆ ಕರೆದೊಯ್ದಳು. ಮಾಸ್ತರಿಕೆ ಸಿಗುವವರೆಗೂ ನಾನು ಅವಳ ಮನೆಯಲ್ಲೇ ಬೆಳೆದೆ.

ಯಾರನ್ನೇ ಆಗಲಿ, ನೋಡುವ ಮೊದಲೇ ಅವರು ಎಂಥವರೆಂದು ಅತ್ತೆಗೆ ಗೊತ್ತಿರುತ್ತಿತ್ತು. ಉದ್ದ ಇರುವವರು ಸುಳ್ಳು ಹೇಳುತ್ತಾರೆ. ಕೊಂಕಣಿಯವರು ನಗುತ್ತ ಮಾತಾಡಿಕೊಂಡರೆ ಅದು ನಮ್ಮ ಬಗ್ಗೆಯೇ. ತಮಾಷೆ ಏನೆಂದರೆ ಅವಳಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು! ಅವರು ಹಪ್ಪಳ ಒಣಗದ ಸುದ್ದಿ ಮಾತಾಡುತ್ತಿದ್ದಾರೆಂದು ಕಿವಿಯಾರೆ ಕೇಳಿಯೂ ನಂಬುತ್ತಿರಲಿಲ್ಲ. ಭಟ್ಕಳದ ಮಲ್ಲಿಗೆಯ ಮೇಲೂ ಅವಳಿಗೆ ಗುಮಾನಿ. "ಇಷ್ಟೆಲ್ಲ ಪರಿಮಳ ಮರ್ಯಾದಸ್ತ ಹೂವಿಗೆ ಇರೂದಿಲ್ಲ" ಎನ್ನುತ್ತಿದ್ದಳು. ಮಲ್ಲಿಗೆ ಏನು ಮಾಡಬೇಕಿತ್ತು ಹೇಳಿ?

ಹೊನ್ನಾವರದವರ ಕತೆಯಂತೂ ಇನ್ನೂ ಘೋರ. ಒಮ್ಮೆ ಶರಾವತಿ ದಾಟಲು ಲಾಂಚಿಗೆ ಕಾಯುತ್ತಿದ್ದಾಗ ಅವಳ ಛತ್ರಿ ಕಾಣೆಯಾಯಿತು. ಅಂದಿನಿಂದ ಇಡೀ ಹೊನ್ನಾವರವೇ ಛತ್ರಿ ಕಳ್ಳರ ಊರು. ತಾನು ಇನ್ನು ಆ ಹೊಳೆ ದಾಟುವುದಿಲ್ಲ ಎಂದು ಶಪಥವೂ ಆಯಿತು. ಮುಂದಿನ ವರ್ಷ ಅಟ್ಟ ಗುಡಿಸುವಾಗ ಛತ್ರಿ ಸಿಕ್ಕಿತು. ನಾನು ಗೆದ್ದೆ ಎಂದು ಕುಣಿಯುತ್ತ ತಂದು ಅವಳ ಮುಂದೆ ಹಿಡಿದೆ.

"ಕಂಡ್ಯ ತಮಾ?" ಅಂದಳು ಅತ್ತೆ. "ಕದ್ದದ್ದು ಸಾಲದು ಅಂತ, ನಮ್ಮ ಅಟ್ಟ ಹತ್ತೂ ಧೈರ್ಯ ಬೇರೆ ಮಾಡಿದಾರೆ!"

ಪಕ್ಕದ ಮನೆಯಲ್ಲಿ ನಿವೃತ್ತ ಕನ್ನಡ ಮಾಸ್ತರರೊಬ್ಬರಿದ್ದರು. ಅವರು ಒಂದು ದಿನ ತಾಳ್ಮೆಗೆಟ್ಟು, "ಅಕ್ಕಾ, ನಿಮಗೆ ಪೂರ್ವಗ್ರಹ ಬಹಳ" ಎಂದುಬಿಟ್ಟರು. ಅತ್ತೆಯ ಮುಖ ಬಿಳುಚಿಕೊಂಡಿತು. ಶನಿ ಗೊತ್ತು, ರಾಹು ಗೊತ್ತು, ಇದ್ಯಾವುದಪ್ಪ ಪೂರ್ವ ದಿಕ್ಕಿನಿಂದ ಬಂದದ್ದು? ಸೀದಾ ಜೋಯಿಸರ ಮನೆಗೆ ಹೋದಳು. ಪಾಪ, ಜೋಯಿಸರು ತಮಗೆ ಗೊತ್ತಿಲ್ಲ ಎಂದು ಹೇಳುವುದುಂಟೆ? ಪಂಚಾಂಗ ಮಗುಚಿದರು, ಕಣ್ಣು ಮುಚ್ಚಿದರು, ಬೆರಳು ಮಡಿಸಿದರು. "ಹೌದು, ಜೋರಾಗಿಯೇ ಇದೆ. ಹನ್ನೊಂದು ದಿನ ಪೂರ್ವಕ್ಕೆ ಮುಖ ಮಾಡಿ ತುಪ್ಪದ ದೀಪ ಹಚ್ಚಿ" ಎಂದರು!

ದೀಪ ಹಚ್ಚಿದ್ದಾಯಿತು, ಗ್ರಹ ಬಿಡಲಿಲ್ಲ. ಬದಲಿಗೆ ಅತ್ತೆಗೆ ಅದರಿಂದ ಭಾರೀ ಅನುಕೂಲವಾಯಿತು. ಯಾರನ್ನಾದರೂ ಬಾಯಿಗೆ ಬಂದಂತೆ ಬೈದ ಮೇಲೆ, "ನಾನೆಂತ ಮಾಡ್ಲಿ, ಗ್ರಹ ಹೇಳಿಸ್ತದೆ" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಕೇರಿಯವರೂ ಆ ಶಬ್ದವನ್ನು ಹಾಗೇ ಬಳಸತೊಡಗಿದರು. ಹಾಲು ಹಾಕುವವಳು ಅಂಗಳದಿಂದಲೇ, "ಅಮಾ, ಇವತ್ತು ಗ್ರಹ ಹೆಂಗದೆ?" ಎಂದು ಕೇಳಿ ಒಳಗೆ ಕಾಲಿಡುತ್ತಿದ್ದಳು.

ನಾನು ಮಾಸ್ತರನಾದ ಹೊಸತರಲ್ಲಿ ಶಬ್ದಕೋಶ ಹಿಡಿದು ಅವಳನ್ನು ತಿದ್ದಲು ಕೂತೆ. "ಅತ್ತೆ, ಇದು ಆಕಾಶದ ಗ್ರಹ ಅಲ್ಲ. ಪೂರ್ವ ಅಂದರೆ ಮೊದಲು, ಗ್ರಹ ಅಂದರೆ ಹಿಡಿಯುವುದು. ವಿಚಾರಿಸುವ ಮೊದಲೇ ಒಂದು ಅಭಿಪ್ರಾಯ ಹಿಡಿದುಕೊಳ್ಳುವುದು."

"ಮತ್ತೆ ಆಕಾಶದ್ದು ಎಂತ ಮಾಡ್ತದೆ? ಅದೂ ಹಿಡಿಯೂದೇ ಅಲ್ದ?" ಅಂದಳು. ಶಬ್ದಕೋಶ ಮುಚ್ಚಿಟ್ಟೆ.

ಆಮೇಲೆ ನನಗೆ ಭಟ್ಕಳದ ಶಾಲೆಗೆ ವರ್ಗವಾಯಿತು. ಅಲ್ಲಿ ನನ್ನ ಜತೆ ಕಲಿಸುತ್ತಿದ್ದ ಒಬ್ಬಳು ನನ್ನ ಮನಸ್ಸಿಗೆ ಬಂದಳು. ಅವಳ ಊರು ಹೊನ್ನಾವರ. ಮನೆಮಾತು ಕೊಂಕಣಿ. ಜಾತಿ ಬೇರೆ. ಸಾಲದ್ದಕ್ಕೆ ನನಗಿಂತ ಎರಡು ಬೆರಳು ಉದ್ದ! ಅತ್ತೆಗೆ ಆಗದ್ದನ್ನೆಲ್ಲ ಪಟ್ಟಿ ಮಾಡಿ ಹುಡುಕಿದ್ದರೂ ಇಂಥ ಹುಡುಗಿ ಸಿಗುತ್ತಿರಲಿಲ್ಲ.

ಅತ್ತೆಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹೇಳಿ ಏನು ಪ್ರಯೋಜನ, ಅವಳ ಉತ್ತರ ನನಗೆ ಗೊತ್ತೇ ಇದೆಯಲ್ಲ ಎಂದುಕೊಂಡೆ. ಇಬ್ಬರು ಗೆಳೆಯರ ಸಾಕ್ಷಿ ಹಾಕಿಸಿ ರಿಜಿಸ್ಟರ್ ಮದುವೆಯಾದೆ. ಆಮೇಲೆ ಅತ್ತೆಗೆ ಕಾಗದ ಬರೆದೆ. ಒಂದು ತಿಂಗಳಾದರೂ ಉತ್ತರವಿಲ್ಲ. ಅಮ್ಮನ ಮುಖ ನನಗೆ ನೆನಪಿಲ್ಲ. ಅಮ್ಮ ಎಂದು ನೆನೆದರೆ ಕಣ್ಣಿಗೆ ಬರುವುದು ಅತ್ತೆಯೇ. ಅವಳನ್ನೂ ಕಳೆದುಕೊಂಡೆ ಎನಿಸಿ, ಪಾಠದ ನಡುವೆಯೇ ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಶಾಲೆಯ ಜಗಲಿಗೆ ಹೋಗಿ ನಿಲ್ಲುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಹೆಂಡತಿ ತೆರೆದಳು. ಕೈಚೀಲ ಹಿಡಿದು ಅತ್ತೆ ನಿಂತಿದ್ದಳು! ದಾಟುವುದಿಲ್ಲ ಎಂದಿದ್ದ ಅದೇ ಹೊಳೆ ದಾಟಿ, ಬಸ್ಸು ಹತ್ತಿ, ಒಬ್ಬಳೇ ಬಂದಿದ್ದಳು. ಹೆಂಡತಿಯನ್ನು ಕೆಳಗಿಂದ ಮೇಲಿನವರೆಗೆ ನೋಡಿ, "ಇಷ್ಟು ಉದ್ದ ಅಂತ ಕಾಗದದಲ್ಲಿ ಬರೀಲಿಲ್ಲ ನೀನು" ಎಂದು ನನಗೆ ಹೇಳಿ ಒಳಗೆ ಬಂದಳು. ಊಟ ಮಾಡಿದಳು. ಸಾರನ್ನು ಎರಡನೆಯ ಸಲವೂ ಹಾಕಿಸಿಕೊಂಡಳು. ಕೈ ತೊಳೆದು ಬಂದು ನನ್ನೆದುರು ಕೂತಳು.

"ನನ್ನ ಹತ್ರ ಎಂತಕ್ಕೆ ಕೇಳ್ಲಿಲ್ಲ ತಮಾ?"

"ನೀನು ಬೇಡ ಅಂತಿದ್ದೆ, ಅತ್ತೆ."

"ಹೌದು, ಬೇಡ ಅಂತಿದ್ದೆ. ನಾಲ್ಕು ದಿನ ಬೇಡ ಅಂತಿದ್ದೆ, ಕೂಗಾಡ್ತಿದ್ದೆ, ಅಳ್ತಿದ್ದೆ. ಐದನೇ ದಿನಕ್ಕೆ ಹೂಂ ಅಂತಿದ್ದೆ. ಅಷ್ಟು ಕಾಯೂಕೆ ಆಗ್ಲಿಲ್ವ ನಿಂಗೆ?"

ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷ ಅವಳ ಗ್ರಹದ ಬಗ್ಗೆ ನಗುತ್ತಿದ್ದ ನಾನು, ಅವಳನ್ನು ಒಂದು ಮಾತೂ ಕೇಳದೆ ಅವಳ ತೀರ್ಪನ್ನು ನಾನೇ ಬರೆದು ಮುಗಿಸಿದ್ದೆ. ನಾಚಿಕೆಯಾಯಿತು. ಅಳು ಬಂತು, ಅತ್ತುಬಿಟ್ಟೆ.

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, "ಆತು, ಈಗ ಕೇಳು" ಅಂದಳು.

"ಈಗಲಾ?"

"ಹ್ಞಾಂ, ಈಗ."

ಮದುವೆಯಾಗಿ ತಿಂಗಳು ಕಳೆದಿದ್ದ ನಾನು ಎದ್ದು ನಿಂತು ಕೇಳಿದೆ. "ಅತ್ತೆ, ಈ ಹುಡುಗಿಯನ್ನು ನಾನು ಮದುವೆಯಾಗಲಾ?"

"ಬೇಡ!" ಅಂದಳು ಅತ್ತೆ.

ಮರುದಿನವೂ ನನ್ನಿಂದ ಕೇಳಿಸಿ, ಬೇಡ ಅಂದಳು. ಮೂರನೆಯ ದಿನವೂ ಬೇಡ, ನಾಲ್ಕನೆಯ ದಿನವೂ ಬೇಡ. ಈ ನಡುವೆ ಹೆಂಡತಿಗೆ ಅಡುಗೆಮನೆಯಲ್ಲಿ ಕೊಂಕಣಿಯಲ್ಲೇ ಏನೇನೋ ಹೇಳಿ ನಗಿಸುತ್ತಿದ್ದಳು. ನಾನು ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಐದನೆಯ ದಿನ ಬೆಳಿಗ್ಗೆ ಶಾಲೆಗೆ ಹೊರಟವನನ್ನು ತಡೆದು ನಿಲ್ಲಿಸಿದಳು. ನಾನು ಕೇಳಿದೆ. ಅವಳು ನನ್ನ ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವಳ ಕೈ ಹಿಡಿದುಕೊಂಡು, "ಹೂಂ" ಅಂದಳು.

ರಿಜಿಸ್ಟರಿನಲ್ಲಿ ಬೇರೆ ತಾರೀಖು ಇದೆ. ನಾವಿಬ್ಬರೂ ಮದುವೆಯ ದಿನವೆಂದು ಪಾಯಸ ಮಾಡುವುದು ಮಾತ್ರ ಅತ್ತೆ ಹೂಂ ಅಂದ ದಿನವೇ.