ಅತ್ತಿಗೆಯ ಐಸ್ ಪೆಟ್ಟಿಗೆಯೂ ನನ್ನ ಅತಿಬುದ್ಧಿಯೂ

ನಮ್ಮ ಅತ್ತಿಗೆ ದೇವರನ್ನಾದರೂ ನಂಬಿಯಾರು, ಹೋಲಿಸಿ ನೋಡದೆ ತಾವೇ ಮಾಡಿದ ಸಾರನ್ನು ನಂಬುವವರಲ್ಲ! ಉಪ್ಪು ಹಾಕುವ ಮುಂಚೆ ಒಂದು ಬಟ್ಟಲು ತೆಗೆದಿಟ್ಟು, ಎರಡನ್ನೂ ರುಚಿ ನೋಡಿದ ಮೇಲೇ ಬಡಿಸುವುದು. ಲ್ಯಾಬಿನಲ್ಲಿ ಇದಕ್ಕೆ ‘ಕಂಟ್ರೋಲ್’ ಎನ್ನುತ್ತಾರಂತೆ. ಆ ಸಪ್ಪೆ ಸಾರು ಕುಡಿದು ಮುಗಿಸುವ ಪ್ರಾಣಿ ಯಾರು? ಮೈದುನನಾದ ನಾನು!

ಕೂದಲು ಬರಿಸುವ ಎಣ್ಣೆ ತಂದಾಗಲೂ ಅಷ್ಟೇ.

“ಎಡಗಡೆಗೆ ಮಾತ್ರ ಹಚ್ಕೋ. ಎರಡೂ ಕಡೆ ಹಚ್ಚಿದ್ರೆ ಗೊತ್ತಾಗೋದು ಹೇಗೆ?”

ಮೂರು ತಿಂಗಳು ಚಂದ್ರಾ ಲೇಔಟಿನ ತುಂಬ ಅರ್ಧ ಮಿಂಚುವ ತಲೆ ಹೊತ್ತು ತಿರುಗಿದೆ. ಕೊನೆಗೆ ಎರಡೂ ಕಡೆ ಸಮನಾಗಿ ಬೋಳಾಯಿತು.

ಅವರ ಕೆಲಸವೇ ಅಂಥದ್ದು. ಕ್ಯಾನ್ಸರ್ ಜೀವಕೋಶದ ಮೈಮೇಲೆ ಒಂದು ಪ್ರೋಟೀನ್ ಇರುತ್ತದಂತೆ. ಅದನ್ನೇ ಹುಡುಕಿ ಅಂಟಿಕೊಳ್ಳುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವನ್ನು, ಅಂದರೆ ಆಂಟಿಬಾಡಿಯನ್ನು, ವಿದೇಶದಿಂದ ತರಿಸುತ್ತಾರೆ. ಕಡಲೆಕಾಳಿನಷ್ಟು ದ್ರವ, ತಿಂಗಳುಗಟ್ಟಲೆ ಕಾಯಬೇಕು. ಒಮ್ಮೆ ಲ್ಯಾಬಿನ ಗೇಟಿನಲ್ಲೇ ಅದರ ಐಸ್ ಪೆಟ್ಟಿಗೆ ಬಿಸಿಲಿಗೆ ಬಿದ್ದು ಹಾಳಾಗಿದ್ದರಿಂದ, ಮುಂದಿನದಕ್ಕೆ ನನ್ನ ಹೆಸರು, ಮನೆ ವಿಳಾಸ ಕೊಟ್ಟಿದ್ದರು. ಮನೆಯಲ್ಲೇ ಟ್ಯೂಷನ್ ಹೇಳುವ ವಿಜ್ಞಾನದ ಮೇಷ್ಟ್ರು ನಾನಿದ್ದೆನಲ್ಲ!

ಪೆಟ್ಟಿಗೆ ಬಂತು. “ಫ್ರಿಜ್ಜಲ್ಲಿಡು ಕಣೋ, ಸಾಕು,” ಎಂದು ಫೋನಿನಲ್ಲಿ ಹೇಳಿದರು. ತಂಪು ಒಳ್ಳೆಯದಾದರೆ ಇನ್ನೂ ತಂಪು ಇನ್ನೂ ಒಳ್ಳೆಯದಲ್ಲವೇ? ಸೀಸೆಯನ್ನು ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕ ಭದ್ರವಾಗಿಟ್ಟೆ.

ಸಂಜೆ ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೆಪ್ಪುಗಟ್ಟಿದರೆ ಅದು ಕೆಟ್ಟ ಹಾಗೆಯಂತೆ. ಆದರೂ ಮರುದಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ಯಾವ ಜೀವಕೋಶವೂ ಹೊಳೆಯಲಿಲ್ಲ. ಅವರ ಪ್ರಯೋಗ ಅಲ್ಲಿಗೇ ನಿಂತಿತು.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು! ಹತ್ತನೇ ಕ್ಲಾಸಿಗೆ ಜೀವಕೋಶದ ಪಾಠ ಮಾಡಲು ಕೂತರೆ ನನಗೇ ನಾಚಿಕೆಯಾಗುತ್ತಿತ್ತು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕೊರಿಯರ್‌ನವನು ಬೆಲ್ ಮಾಡಿದ. ಕೈಯಲ್ಲಿ ಅಂಥದ್ದೇ ಪೆಟ್ಟಿಗೆ.

“ಸಾರ್, ನಿಮ್ ಹೆಸರಿಗೇ ಬಂದಿದೆ.”

ಮುಟ್ಟಲು ಧೈರ್ಯ ಬರಲಿಲ್ಲ. ಬಾಗಿಲಲ್ಲೇ ನಿಂತು ಫೋನ್ ಮಾಡಿದೆ.

“ಅತ್ತಿಗೆ, ಗೊತ್ತಿದ್ದೂ ಮತ್ತೆ ನನ್ ಹೆಸರೇ ಕೊಟ್ರಾ?”

“ನಿನ್ ಬಿಟ್ಟು ಇನ್ಯಾರಿಗೆ ಕೊಡ್ಲಿ? ಇಸ್ಕೊಂಡು ಒಳಗಿಡು, ಬಿಸಿಲಿದೆ.”

ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದೆ. ಸೀಸೆಯನ್ನು ಫ್ರಿಜ್ಜಿನ ನಡುವಿನ ಶೆಲ್ಫಿನಲ್ಲಿಟ್ಟು, ಅತ್ತಿಗೆ ಬರುವವರೆಗೂ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಕಣ್ಣು ಒರೆಸಿದಷ್ಟೂ ಒದ್ದೆಯಾಗುತ್ತಲೇ ಇತ್ತು.